ನಡುನೋವಿಗೆ ಕೈಪಟ್ಟಿ ಮದ್ದಾದೀತೇ?

ಬೆನ್ನಿಗೆ ಅಂಟಿಸುವ ಸೆನ್ಸರ್, ಮಣಿಕಟ್ಟಿನ ಸ್ಮಾರ್ಟ್‌ವಾಚ್, ಹೆಜ್ಜೆ ಎಣಿಸುವ ಮೊಬೈಲ್. ಹಳೆಯ ಬೆನ್ನುನೋವಿನ ಸುತ್ತ ಹೊಸ ಸಾಧನಗಳ ಸಂತೆ ನೆರೆದಿದೆ. ದೊಡ್ಡ ಪ್ರಯೋಗಗಳು ಇವುಗಳನ್ನು ತೂಗಿ ನೋಡಿವೆ. ಬಗ್ಗಿ ದುಡಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನರಿಗೆ ಆ ತೂಕದಿಂದ ತಿಳಿಯುವುದೇನು?

ಶಿವರಾತ್ರಿಗೆ ಇನ್ನು ಕೆಲವೇ ದಿನ ಇರುವಾಗ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು. ಆ ವಾರ ದಾವಣಗೆರೆ ಕಡೆಯಿಂದ ಹರಪನಹಳ್ಳಿ ದಾಟಿ ಕೊಟ್ಟೂರಿಗೆ ಬರುವ ರಸ್ತೆಗೆ ರಾತ್ರಿಯೂ ಬಿಡುವಿಲ್ಲ. ಬಿಸಿಲು ಇಳಿದ ಮೇಲೆ ಹೊರಟ ಪಾದಯಾತ್ರಿಗಳು ಹೆಗಲಿಗೊಂದು ಟವೆಲ್, ತಲೆಯ ಮೇಲೊಂದು ಚೀಲ ಇಟ್ಟುಕೊಂಡು ಸಾಲುಗಟ್ಟಿ ಸಾಗುತ್ತಾರೆ. ದಾರಿಯ ಪೆಂಡಾಲುಗಳಲ್ಲಿ ಮಂಡಕ್ಕಿ, ಮಜ್ಜಿಗೆ, ಚಹಾ. ಪಕ್ಕದಲ್ಲೇ ಕಾಲಿಗೆ ತಿಕ್ಕಲು ನೋವಿನೆಣ್ಣೆ, ನುಂಗಲು ಗುಳಿಗೆ. ಕಾಲೇಜು ಹುಡುಗರು ಕತ್ತಲಲ್ಲಿ ಮಣಿಕಟ್ಟು ತಿರುಗಿಸಿ, ಎಷ್ಟು ಹೆಜ್ಜೆ ಆಯಿತೆಂದು ವಾಚಿನ ಬೆಳಕಿನಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಅದೇ ಗುಂಪಿನ ನಲವತ್ತು ದಾಟಿದ ಹೆಂಗಸರು ಪೆಂಡಾಲಿಗೆ ಬಂದು ಕೂರುವಾಗ ಮೊದಲು ಕೈ ಹೋಗುವುದು ನಡುವಿಗೆ. 'ನಡ ಹಿಡಕಂಡೈತಿ' ಎಂಬ ಮಾತು ಈ ಸೀಮೆಯಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕಕ್ಕೆ ಹಿಡಿಯದ ಈ ನೋವೇ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ದಿನದ ಕೆಲಸಕ್ಕೆ ಆಗದಂತೆ ಮಾಡುವ ಕಾರಣ. 2020ರಲ್ಲಿ ಸುಮಾರು 61.9 ಕೋಟಿ ಜನ ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರು, 2050ರ ಹೊತ್ತಿಗೆ ಈ ಸಂಖ್ಯೆ 84 ಕೋಟಿ ದಾಟಬಹುದು ಎಂಬುದು ಜಾಗತಿಕ ರೋಗಭಾರ ಅಧ್ಯಯನದ ಅಂದಾಜು. ಇಷ್ಟು ದೊಡ್ಡ ನೋವಿನ ಹಿಂದೆ ಮಾರುಕಟ್ಟೆ ಬರದೇ ಇರುತ್ತದೆಯೇ? ಬೆನ್ನು ಬಾಗಿದ ಕೂಡಲೇ ಗುಂಯ್ ಎನ್ನುವ ಪುಟ್ಟ ಯಂತ್ರ, ವ್ಯಾಯಾಮ ಸರಿಯಾಯಿತೇ ಎಂದು ಮೊಬೈಲಿಗೆ ವರದಿ ಒಪ್ಪಿಸುವ ಸೆನ್ಸರ್, ಸಾವಿರ–ಎರಡು ಸಾವಿರ ರೂಪಾಯಿಗೆ ಸಿಗುವ ಸ್ಮಾರ್ಟ್‌ವಾಚ್ ಎಲ್ಲವೂ ಈಗ ಬೆನ್ನುನೋವಿನವರ ಹೆಸರಲ್ಲಿ ಬಿಕರಿಯಾಗುತ್ತಿವೆ. ಇವುಗಳನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪು, ಇವೇ ವಾಸಿ ಮಾಡುತ್ತವೆ ಎಂದು ನಂಬುವುದೂ ತಪ್ಪು. ಹಳೆಯ ಬೆನ್ನುನೋವಿಗೆ ವ್ಯಾಯಾಮವೇ ಮುಖ್ಯ ಮದ್ದು. ಆ ವ್ಯಾಯಾಮವನ್ನು ಮೈಗೂಡಿಸಲು ಮೊದಲು ಬೇಕಿರುವುದು ಕೇಳಿಸಿಕೊಳ್ಳುವ, ಕಲಿಸುವ, ಬೆನ್ನುಹತ್ತಿ ವಿಚಾರಿಸುವ ಒಬ್ಬ ಮನುಷ್ಯ. ಸಾಧನ ಆ ಮನುಷ್ಯನ ಕೈಗೆ ಸಿಕ್ಕರೆ ಉಪಯೋಗಕ್ಕೆ ಬರುತ್ತದೆ, ಆತನ ಜಾಗದಲ್ಲಿ ತಂದು ಕೂರಿಸಿದರೆ ಕೈಕೊಡುತ್ತದೆ. ಹೀಗೆ ಹೇಳಲು ಗಟ್ಟಿಯಾದ ಪುರಾವೆ ಇದೆ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲಿಕ ಎನ್ನುತ್ತಾರೆ. ಅಂಥ ನೂರು ಬೆನ್ನುನೋವುಗಳಲ್ಲಿ ಸುಮಾರು ತೊಂಬತ್ತಕ್ಕೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವ ಒಂದು ಕಾರಣ ಇರುವುದಿಲ್ಲ. ಮೂಳೆ ಮುರಿದಿಲ್ಲ, ಗೆಡ್ಡೆ ಇಲ್ಲ, ಸೋಂಕಿಲ್ಲ. ನೋವು ಮಾತ್ರ ನಿಜ. ಇಲ್ಲಿಯೇ ಎಕ್ಸ್‌ರೇ, ಎಂಆರ್‌ಐ ಚೀಟಿಗಳು ಜನರನ್ನು ಹೆದರಿಸುತ್ತವೆ. 'ಗ್ಯಾಪ್ ಬಂದೈತಿ', 'ಡಿಸ್ಕ್ ಸವದೈತಿ' ಎಂದು ಕೇಳಿದ ಮೇಲೆ ಬಗ್ಗಲು ಭಯ, ನಡೆಯಲು ಭಯ. ಆದರೆ 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ, ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ 96 ಮಂದಿಯದು. ಅಂದರೆ ಸವೆತ ಬಹುಪಾಲು ತಲೆಗೂದಲು ನರೆತ ಹಾಗೆ, ವಯಸ್ಸಿನ ಗುರುತು. ಅದನ್ನು ಕಂಡು ಹೆದರಿ ಮಲಗಿದರೆ ಸ್ನಾಯು ಸೋಲುತ್ತದೆ, ನೋವು ಬಲಿಯುತ್ತದೆ.

ವ್ಯಾಯಾಮದ ವಿಷಯದಲ್ಲಿ ಪುರಾವೆಯ ಕೊರತೆಯಿಲ್ಲ. 2021ರ ಕಾಕ್ರೇನ್ ವಿಮರ್ಶೆ 249 ಪ್ರಯೋಗಗಳನ್ನು, 24 ಸಾವಿರಕ್ಕೂ ಮಿಕ್ಕಿದ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಏನೂ ಚಿಕಿತ್ಸೆ ಪಡೆಯದವರಿಗಿಂತ, ಅಥವಾ ಎಂದಿನ ಚಿಕಿತ್ಸೆಯಲ್ಲೇ ಇದ್ದವರಿಗಿಂತ ವ್ಯಾಯಾಮ ಮಾಡಿದವರ ನೋವು ನೂರರ ಅಳತೆಯಲ್ಲಿ ಸುಮಾರು 15 ಅಂಕ ಕಡಿಮೆಯಾಗಿತ್ತು. ನಮ್ಮ ರಾಜ್ಯದಲ್ಲೇ ಬೆಂಗಳೂರು ಬಳಿಯ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಸಂಸ್ಥೆಯ ಪದ್ಮಿನಿ ತೇಕೂರ್ ಮತ್ತು ಸಂಗಡಿಗರು 80 ಮಂದಿ ಹಳೆಯ ಬೆನ್ನುನೋವಿನವರ ಮೇಲೆ ಏಳು ದಿನಗಳ ವಸತಿ ಪ್ರಯೋಗ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗದ ಗುಂಪಿನಲ್ಲಿ ನೋವಿನಿಂದಾಗುವ ಅಡಚಣೆ ತಗ್ಗಿತು, ಬೆನ್ನು ಬಾಗುವ ಶಕ್ತಿ ಹೆಚ್ಚಿತು. ಪ್ರಯೋಗ ಚಿಕ್ಕದು, ಅವಧಿ ಬರೀ ಒಂದು ವಾರ. ಆದರೂ ಯಾವ ಸೆನ್ಸರೂ ಇಲ್ಲದೆ, ಚಾಪೆಯ ಮೇಲೆ, ಕಲಿಸುವವರ ಕಣ್ಣೆದುರು ಅಷ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿಯೂ ರೋಗಿಗೆ ತಿಳಿವಳಿಕೆ, ವ್ಯಾಯಾಮ, ಮನೋಚಿಕಿತ್ಸೆಯ ನೆರವುಗಳನ್ನು ಮುಂದಿಡುತ್ತದೆ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಚರ್ಮದ ಮೇಲೆ ವೈರು ಅಂಟಿಸಿ ಕರೆಂಟ್ ಕೊಡುವುದು, ಇವು ಯಾವುದನ್ನೂ ದೀರ್ಘಕಾಲಿಕ ನೋವಿಗೆ ರೂಢಿಯಾಗಿ ಬಳಸಬೇಡಿ ಎನ್ನುತ್ತದೆ. ನಮ್ಮೂರ ಮೆಡಿಕಲ್ ಶಾಪುಗಳಲ್ಲಿ ಸಾಲಾಗಿ ತೂಗುಬಿದ್ದಿರುವ ಬೆಲ್ಟನ್ನು ಕೊಳ್ಳುವ ಮುನ್ನ ಈ ಮಾತು ನೆನಪಿರಲಿ.

ಪೆಟ್ಟಿಗೆ: ಕೂಡಲೇ ವೈದ್ಯರಿಗೆ ತೋರಿಸಿ
ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಒಂದು ಗಂಟೆಯೂ ತಡ ಮಾಡಬಾರದು. ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆಯ ಜೊತೆ ಬೆನ್ನುನೋವಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಬಿದ್ದ ಮೇಲೆ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಬಂದವರ ಹೊಸ ನೋವು, ಮಲಗಿದರೂ ಬಿಡದ ನೋವು, ಇವೆಲ್ಲ ವ್ಯಾಯಾಮಕ್ಕೂ ಮೊದಲು ತಪಾಸಣೆ ಕೇಳುತ್ತವೆ.

ಈಗ ಸಾಧನದ ವಿಷಯ. ಬೆನ್ನಿಗೆ ಅಂಟಿಸುವ ಸೆನ್ಸರ್ ಕಡ್ಡಿಪೆಟ್ಟಿಗೆಯಷ್ಟೂ ಇಲ್ಲದ ವಸ್ತು. ಒಳಗಿನ ಚಿಪ್‌ನಲ್ಲಿ ತೀರ ಪುಟ್ಟ ಸಿಲಿಕಾನ್ ತುಣುಕೊಂದು ತೂಗುತ್ತಿರುತ್ತದೆ. ಭೂಮಿಯ ಸೆಳೆತ ಅದನ್ನು ಯಾವ ಕಡೆ ಜಗ್ಗುತ್ತಿದೆ ಎಂಬುದರಿಂದ ಬೆನ್ನು ಎಷ್ಟು ಬಾಗಿತು, ಎಷ್ಟು ವೇಗವಾಗಿ ಬಾಗಿತು ಎಂದು ಯಂತ್ರ ಅಂದಾಜಿಸುತ್ತದೆ. ಇದನ್ನು ಗಂಭೀರವಾಗಿ ಪರೀಕ್ಷೆಗೆ ಒಡ್ಡಿದ್ದು ಆಸ್ಟ್ರೇಲಿಯಾದ 'ರಿಸ್ಟೋರ್' ಪ್ರಯೋಗ. ಪೀಟರ್ ಕೆಂಟ್, ಪೀಟರ್ ಒ'ಸಲಿವನ್ ಮೊದಲಾದವರು ನಡೆಸಿದ ಇದರ ಫಲಿತಾಂಶ 2023ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 20 ಫಿಸಿಯೊಥೆರಪಿ ಕ್ಲಿನಿಕ್‌ಗಳು, 492 ರೋಗಿಗಳು. ಎಲ್ಲರೂ ನೋವಿನಿಂದ ದಿನದ ಕೆಲಸಕ್ಕೇ ತೊಂದರೆಯಾಗಿದ್ದವರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಎರಡನೆಯದಕ್ಕೆ 'ಕಾಗ್ನಿಟಿವ್ ಫಂಕ್ಷನಲ್ ಥೆರಪಿ'. ಇದರಲ್ಲಿ ಫಿಸಿಯೊಥೆರಪಿಸ್ಟ್ ಮೊದಲು ರೋಗಿಯ ಕಥೆಯನ್ನು ಪೂರ್ತಿ ಕೇಳುತ್ತಾರೆ, ನೋವೆಂದರೆ ಏನೆಂದು ಬಿಡಿಸಿ ಹೇಳುತ್ತಾರೆ, ಆಮೇಲೆ ಯಾವ ಚಲನೆಗೆ ಹೆದರಿದ್ದಾರೋ ಅದನ್ನೇ, ಬಗ್ಗುವುದನ್ನು, ಎತ್ತುವುದನ್ನು, ಮೈ ಬಿಗಿ ಹಿಡಿಯದೆ ಮತ್ತೆ ಕಲಿಸುತ್ತಾರೆ. ಹನ್ನೆರಡು ವಾರಗಳಲ್ಲಿ ಏಳು ಭೇಟಿ, ಆರು ತಿಂಗಳಿಗೆ ಇನ್ನೊಂದು. ಮೂರನೆಯ ಗುಂಪಿಗೆ ಇದೇ ಚಿಕಿತ್ಸೆ, ಜೊತೆಗೆ ಬೆನ್ನಿಗೆ ಸೆನ್ಸರ್.

ಫಲಿತಾಂಶ ಎರಡು ಮಾತು ಹೇಳಿತು. 24 ಅಂಕಗಳ ಅಡಚಣೆಯ ಅಳತೆಯಲ್ಲಿ ಎಂದಿನ ಚಿಕಿತ್ಸೆಗಿಂತ ಹೊಸ ಚಿಕಿತ್ಸೆಯವರು 4.6 ಅಂಕದಷ್ಟು ಸುಧಾರಿಸಿದ್ದರು. ಬೆನ್ನುನೋವಿನ ಸಂಶೋಧನೆಯಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ, ಅದು ವರ್ಷದ ನಂತರವೂ ಉಳಿದಿತ್ತು. ಮುಂದೆ ಮೂರು ವರ್ಷದ ನಂತರ ವಿಚಾರಿಸಿದಾಗಲೂ ಬಹುಪಾಲು ಉಳಿದಿತ್ತು. ಎರಡನೆಯ ಮಾತು ನಮ್ಮ ವಿಷಯಕ್ಕೆ ಇನ್ನೂ ಮುಖ್ಯ: ಸೆನ್ಸರ್ ಇದ್ದವರ ಸುಧಾರಣೆಯೂ ಹದಿಮೂರನೆಯ ವಾರಕ್ಕೆ 4.6, ಇಲ್ಲದವರದೂ 4.6. ಯಂತ್ರ ಹೆಚ್ಚಿಗೆ ಏನನ್ನೂ ಕೊಡಲಿಲ್ಲ. ಸೆನ್ಸರ್ ಕೆಟ್ಟದು ಎಂದು ಇದರ ಅರ್ಥವಲ್ಲ. ಅಷ್ಟು ಚೆನ್ನಾಗಿ ಕಲಿಸುವ ಮನುಷ್ಯ ಎದುರಿಗಿದ್ದಾಗ ಯಂತ್ರಕ್ಕೆ ಮಾಡಲು ಕೆಲಸ ಉಳಿಯಲಿಲ್ಲ. 'ಬೆನ್ನು ನೆಟ್ಟಗಿಡು' ಎಂದು ದಿನವೆಲ್ಲ ಗುಂಯ್‌ಗುಡುವ ಪಟ್ಟಿಗಳ ಪಾಡಂತೂ ಇನ್ನೂ ದುರ್ಬಲ. ಎಲ್ಲರಿಗೂ ಒಪ್ಪುವ ಒಂದೇ ಸರಿಯಾದ ಭಂಗಿ ಇದೆ ಎಂಬ ಎಣಿಕೆಯೇ ಈಗ ಪ್ರಶ್ನೆಗೆ ಒಳಗಾಗಿದೆ. ಬಾಗಲು ಮೊದಲೇ ಹೆದರಿದವರಿಗೆ, ಬಾಗಿದಾಗಲೆಲ್ಲ ಎಚ್ಚರಿಕೆ ಕೊಡುವ ಯಂತ್ರ ಆ ಹೆದರಿಕೆಯನ್ನೇ ಗಟ್ಟಿ ಮಾಡಬಹುದು.

ಹಡಗಲಿಯ ಮಲ್ಲಿಗೆ ತೋಟಕ್ಕೆ ಅಂಥ ಪಟ್ಟಿಯನ್ನು ಒಯ್ದು ನೋಡಿ. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಈ ಮಲ್ಲಿಗೆಯ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು. ಹೆಂಗಸರು ಗಿಡದಿಂದ ಗಿಡಕ್ಕೆ ಬಾಗುತ್ತ, ಒಂದು ಕೈಯಿಂದ ಟೊಂಗೆ ಎತ್ತಿ, ಇನ್ನೊಂದು ಕೈಯ ಎರಡು ಬೆರಳಲ್ಲಿ ಮೊಗ್ಗು ಚಿವುಟಿ, ಕಟ್ಟಿಕೊಂಡ ಮಡಿಲಿಗೆ ಹಾಕುತ್ತ ಸಾಗುತ್ತಾರೆ. ಬೆನ್ನಿನ ಯಂತ್ರ ಆ ಹೊತ್ತೆಲ್ಲ ಗುಂಯ್‌ಗುಡುತ್ತಲೇ ಇರಬೇಕು. ಅದರ ಮಾತು ಕೇಳಿದರೆ ಹೂವು ಗಿಡದಲ್ಲೇ ಅರಳಿಹೋಗುತ್ತದೆ. ಮಣಿಕಟ್ಟಿನ ವಾಚಿನ ಲೆಕ್ಕವೂ ಇಲ್ಲಿ ಎಡವುತ್ತದೆ. ಅದು ಹೆಜ್ಜೆಯನ್ನು ಗುರುತಿಸುವುದು ಬಹುಮಟ್ಟಿಗೆ ಕೈ ಬೀಸುವ ತಾಳದಿಂದ. ತಲೆಯ ಮೇಲೆ ಕೊಡ ಹೊತ್ತು ಕೈಯಲ್ಲಿ ಹಿಡಿದು ನಡೆದರೆ ಕೈ ಬೀಸುವುದೇ ಇಲ್ಲ, ಹೆಜ್ಜೆ ಕಡಿಮೆ ಬೀಳುತ್ತದೆ. ಕೂತಲ್ಲೇ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುವಾಗ ಕೈ ಒಂದೇ ಸಮನೆ ಆಡುತ್ತದೆ, ಇಡದ ಹೆಜ್ಜೆಯೂ ಲೆಕ್ಕಕ್ಕೆ ಸೇರಬಹುದು. ಎರಡೂ ಕೈ ತುಂಬ ಗಾಜಿನ ಬಳೆ ತೊಟ್ಟವರಿಗೆ ಪಟ್ಟಿ ಕೂರುವ ಜಾಗವೇ ಇಲ್ಲ. ಮೊಬೈಲ್ ಎಣಿಸಲಿ ಎಂದರೆ ಗಂಡಸರ ಅಂಗಿಗೆ ಜೇಬಿದೆ, ಸೀರೆಗೆ ಇಲ್ಲ. ಹೆಂಗಸರ ಮೊಬೈಲ್ ಬುತ್ತಿಯ ಚೀಲದಲ್ಲಿ ಬದುವಿನ ಮೇಲೆ ಕೂತಿರುತ್ತದೆ. ಈ ಸಾಧನಗಳನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಕುರ್ಚಿಯಲ್ಲಿ ಕೂತು ದುಡಿಯುವ ಬೆನ್ನು. ಇಲ್ಲಿಯ ಹೆಂಗಸರಿಗೆ ಯಾವುದಾದರೂ ಹೆಜ್ಜೆ ಎಣಿಕೆಯ ಯಂತ್ರ ಒಪ್ಪುವುದಿದ್ದರೆ ಅದು ನಡುವಿನ ಹತ್ತಿರ ಸೀರೆಗೆ ಸಿಕ್ಕಿಸಿಕೊಳ್ಳುವ ಹಳೆಯ ಮಾದರಿಯದೇ.

ಈ ಹಂತದಲ್ಲಿ ಏಳುವ ಮೊದಲ ಆಕ್ಷೇಪ ತೀರ ನ್ಯಾಯವಾದದ್ದು. 'ದಿನಾ ಮೈ ಮುರಿಯಂಗ ದುಡೀತೀವಿ, ಮತ್ತ್ಯಾಕ ವ್ಯಾಯಾಮ?' ಹಗರಿಬೊಮ್ಮನಹಳ್ಳಿಯ ಈರುಳ್ಳಿ ಹೊಲದಲ್ಲಿ ಕುರ್ಪಿ ಹಿಡಿದು ಕಳೆ ತೆಗೆದವರು, ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತ ಹಮಾಲರು, ಕೂಡ್ಲಿಗಿಯಿಂದ ಗುಳೆ ಹೋಗಿ ಮಲೆನಾಡಿನ ಕಾಫಿ ತೋಟದಲ್ಲಿ, ಬೆಂಗಳೂರಿನ ಕಟ್ಟಡಗಳಲ್ಲಿ ದುಡಿದು ಬಂದವರು ಹೀಗೆ ಕೇಳಿದರೆ ಉತ್ತರ ಕೊಡಲೇಬೇಕು. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮೊದಲಾದ ಸಂಶೋಧಕರು ವರ್ಷಗಳಿಂದ ಈ ಪ್ರಶ್ನೆಯನ್ನೇ ಬೆನ್ನುಹತ್ತಿದ್ದಾರೆ. ಬಿಡುವಿನ ವೇಳೆಯ ನಡಿಗೆ ದೇಹಕ್ಕೆ ಒಳ್ಳೆಯದು ಮಾಡುತ್ತದೆ, ಕೂಲಿಯ ದುಡಿಮೆ ಹಾಗೆ ಮಾಡುವುದಿಲ್ಲ. ದುಡಿಮೆಯಲ್ಲಿ ವೇಗ ನಮ್ಮ ಕೈಯಲ್ಲಿಲ್ಲ, ನಿಲ್ಲಿಸುವ ಹೊತ್ತು ನಮ್ಮದಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ, ಅಳತೆ ಮೀರಿದ ಭಾರ, ಮೈ ಚೇತರಿಸಿಕೊಳ್ಳುವ ಮುಂಚೆಯೇ ಮರುದಿನದ ಪಾಳಿ. ವ್ಯಾಯಾಮವೆಂದರೆ ಇದರ ತದ್ವಿರುದ್ಧ: ಅಳತೆ ನಮ್ಮದು, ಬಿಡುವು ನಮ್ಮದು, ಏರಿಕೆ ನಿಧಾನ. ಹಾಗೆಂದು ದುಡಿಯುವ ಹೆಣ್ಣಿಗೆ ಇನ್ನರ್ಧ ಗಂಟೆ ನಡೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಅವಳ ಬೆನ್ನಿಗೆ ನಿಂತೇ ಕಳೆ ತೆಗೆಯುವ ಸೈಕಲ್ ಎಡೆಕುಂಟೆ ಬೇಕು, ಸಾಲಿನ ನಡುವೆ ಬಿಡುವು ಬೇಕು, ಮನೆಯ ನೀರು–ಸೌದೆಯ ಭಾರವನ್ನು ಹಂಚಿಕೊಳ್ಳುವ ಕೈ ಬೇಕು. ರಿಸ್ಟೋರ್‌ನಂಥ ಪ್ರಯೋಗಗಳಲ್ಲಿ ಮಲ್ಲಿಗೆ ಬಿಡಿಸುವವರಾಗಲಿ, ಕುರ್ಪಿ ಹಿಡಿದವರಾಗಲಿ ಇರಲಿಲ್ಲ. ಆ ಅಂಕಿಗಳನ್ನು ಇಲ್ಲಿಗೆ ತರುವಾಗ ಈ ಕೊರತೆಯನ್ನು ಮರೆಮಾಚಬಾರದು.

ಇದಕ್ಕೆ ಈ ಸೀಮೆಯದೇ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲಿನ ಕಂದುಗಲೆಯ ನಂತರ ಮೂಳೆಗೂ ಅದು ಇಳಿಯುತ್ತದೆ. ಬೆನ್ನುಮೂಳೆಯ ಸುತ್ತಲ ತಂತುಗಳು ಗಡುಸಾಗಿ ಬೆನ್ನು ಸೆಟೆದುಕೊಳ್ಳುತ್ತದೆ. ಅಂಥ ಬೆನ್ನಿಗೆ ಹೆಜ್ಜೆಯ ಲೆಕ್ಕ ಹೇಳಿ ಪ್ರಯೋಜನವಿಲ್ಲ, ಮೊದಲು ಕುಡಿಯುವ ನೀರು ಬದಲಾಗಬೇಕು. ಊರಿನ ಹಲವರಿಗೆ ಒಟ್ಟಿಗೆ ನಡು ಸೆಟೆದಿದ್ದರೆ, ಮಕ್ಕಳ ಹಲ್ಲಿನಲ್ಲಿ ಕಲೆ ಇದ್ದರೆ, ನೀರಿನ ಪರೀಕ್ಷೆಯನ್ನು ಪಂಚಾಯಿತಿಯಿಂದ ಕೇಳಿ ಪಡೆಯಬೇಕು. ಯಾವ ವಾಚೂ ಇದನ್ನು ಕಂಡುಹಿಡಿಯಲಾರದು, ಊರನ್ನು ಬಲ್ಲ ವೈದ್ಯರು ಒಂದು ಪ್ರಶ್ನೆಯಲ್ಲಿ ಕಂಡುಹಿಡಿಯುತ್ತಾರೆ.

ಹಾಗಾದರೆ ಸಾಧನಕ್ಕೆ ಕೆಲಸವೇ ಇಲ್ಲವೇ? ಇದೆ, ಅದು ನಡಿಗೆಯ ವಿಷಯದಲ್ಲಿ. ನಾರ್ವೆಯಲ್ಲಿ 11,194 ಮಂದಿಯ ಮೈಗೆ ಚಲನೆ ಅಳೆಯುವ ಸೆನ್ಸರ್ ಕಟ್ಟಿ, ಅವರು ದಿನಕ್ಕೆ ಎಷ್ಟು ಹೊತ್ತು ನಡೆಯುತ್ತಾರೆ ಎಂದು ಬರೆದಿಟ್ಟುಕೊಂಡು, ವರ್ಷಗಳ ನಂತರ ಯಾರಿಗೆ ಹಳೆಯ ಬೆನ್ನುನೋವು ಬಂತು ಎಂದು ನೋಡಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಿನಕ್ಕೆ ನೂರು ನಿಮಿಷಕ್ಕೂ ಹೆಚ್ಚು ನಡೆಯುವವರಲ್ಲಿ, 78 ನಿಮಿಷಕ್ಕಿಂತ ಕಡಿಮೆ ನಡೆಯುವವರಿಗೆ ಹೋಲಿಸಿದರೆ, ಆ ನೋವಿನ ಅಪಾಯ ಶೇ 23ರಷ್ಟು ಕಡಿಮೆ. ಬಿರುಸಾಗಿ ನಡೆದದ್ದಕ್ಕಿಂತ ಒಟ್ಟು ಎಷ್ಟು ಹೊತ್ತು ನಡೆದರು ಎಂಬುದೇ ಮುಖ್ಯವಾಗಿತ್ತು. ನಡೆಯುವುದರಿಂದಲೇ ನೋವು ತಪ್ಪಿತು ಎಂದು ಇಂಥ ಅಧ್ಯಯನ ಸಾಧಿಸಲಾರದು, ಆರೋಗ್ಯವಾಗಿದ್ದವರೇ ಹೆಚ್ಚು ನಡೆದಿರಬಹುದು. ಆ ಅನುಮಾನಕ್ಕೆ ಒಂದಿಷ್ಟು ಉತ್ತರ ಕೊಡುವುದು ಆಸ್ಟ್ರೇಲಿಯಾದ ಮೆಕ್ವಾರಿ ವಿಶ್ವವಿದ್ಯಾಲಯದ ನತಾಶಾ ಪೊಕೋವಿ, ಮಾರ್ಕ್ ಹ್ಯಾನ್‌ಕಾಕ್ ತಂಡದ 'ವಾಕ್‌ಬ್ಯಾಕ್' ಪ್ರಯೋಗ. ಬೆನ್ನುನೋವಿನಿಂದ ಆಗತಾನೇ ಚೇತರಿಸಿಕೊಂಡ 701 ಜನರಲ್ಲಿ ಅರ್ಧದಷ್ಟು ಮಂದಿಗೆ ಫಿಸಿಯೊಥೆರಪಿಸ್ಟ್ ಆರು ತಿಂಗಳಲ್ಲಿ ಆರು ಬಾರಿ ಸಿಕ್ಕು, ಅವರವರ ಶಕ್ತಿಗೆ ತಕ್ಕ ನಡಿಗೆಯನ್ನು ನಿಧಾನಕ್ಕೆ ವಾರದಲ್ಲಿ ಐದು ದಿನ ಅರ್ಧ ಗಂಟೆಯವರೆಗೆ ಏರಿಸಿದರು. ನಡೆದವರಿಗೆ ನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ನಡಿಗೆಗೆ ಖರ್ಚಿಲ್ಲ, ಜಿಮ್ ಬೇಕಿಲ್ಲ, ಸೀರೆ–ಪಂಚೆಯಲ್ಲೇ ಆಗುತ್ತದೆ.

ಪೆಟ್ಟಿಗೆ: ಹತ್ತು ಸಾವಿರದ ಹಟ ಬೇಡ
ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಆ ಅಂಕಿಯೊಂದಿಗೆ ಮಾರಿತು. ಬೆನ್ನುನೋವಿನವರಿಗೆ ಸರಿಯಾದ ಗುರಿ ಹೋದ ವಾರದ ತಮ್ಮದೇ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ನಿಧಾನಕ್ಕೆ ಏರಿಸುವುದರಲ್ಲೇ ಪುಟ್ಟ ಯಂತ್ರ ನೆರವಿಗೆ ಬರುತ್ತದೆ. ಹಳೆಯ ನೋವಿನವರು ಸಾಮಾನ್ಯವಾಗಿ ಎರಡು ತುದಿಗಳ ನಡುವೆ ತೂಗಾಡುತ್ತಾರೆ. ನೋವು ತಗ್ಗಿದ ದಿನ ಉಳಿದ ಕೆಲಸವನ್ನೆಲ್ಲ ಒಮ್ಮೆಲೇ ಮೈಮೇಲೆ ಹಾಕಿಕೊಂಡು, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ವರ್ಷವೆಲ್ಲ ನಡೆಯದವರು ತೇರಿನ ಹೊತ್ತಿಗೆ ಒಂದೇ ರಾತ್ರಿ ಹತ್ತಾರು ಮೈಲಿ ನಡೆದು, ವಾರಗಟ್ಟಲೆ ನರಳುವುದೂ ಹೀಗೆಯೇ. ಹೆಜ್ಜೆಯ ಲೆಕ್ಕ ಈ ಏರುಪೇರನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಮೊದಲ ವಾರ ಏನನ್ನೂ ಬದಲಿಸದೆ ಬರೀ ಎಣಿಸುವುದು, ಆಮೇಲೆ ಒಳ್ಳೆಯ ದಿನವೂ ಗುರಿ ಮೀರದೆ, ಕೆಟ್ಟ ದಿನವೂ ಪೂರ್ತಿ ನಿಲ್ಲಿಸದೆ ಮುಂದುವರಿಯುವುದು. ಪಾದಯಾತ್ರೆಗೆ ಹೋಗಲೇಬೇಕೆಂಬ ಹರಕೆ ಇದ್ದವರು ದೀಪಾವಳಿಯಿಂದಲೇ ದಿನವೂ ಊರ ಹೊರಗಿನ ಗುಡಿಯವರೆಗೆ ನಡೆದು ಅಭ್ಯಾಸ ಮಾಡಿಕೊಂಡರೆ ಬೆನ್ನು ಮುನಿಯುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಿಗಿಯಾದದ್ದು. ಫಿಸಿಯೊಥೆರಪಿಸ್ಟ್ ನಗರದಲ್ಲಿದ್ದಾರೆ, ಹಳ್ಳಿಯವರಿಗೆ ಮೊಬೈಲ್ ಮಾತ್ರ ಕೈಗೆ ಸಿಗುತ್ತದೆ. ಹಾಗಿದ್ದ ಮೇಲೆ ಮನುಷ್ಯನ ಮಾತಾಡುವುದು ಬಿಟ್ಟು ಸಾಧನವನ್ನೇ ಕೊಡಬಾರದೇ? ಇದನ್ನೂ ಪರೀಕ್ಷಿಸಿದ್ದಾರೆ. ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ 461 ಮಂದಿಯ ಮೇಲೆ ನಡೆದ 'ಸೆಲ್ಫ್‌ಬ್ಯಾಕ್' ಪ್ರಯೋಗದಲ್ಲಿ ರೋಗಿಗಳಿಗೆ ಹೆಜ್ಜೆ ಎಣಿಸುವ ಕೈಪಟ್ಟಿ, ಜೊತೆಗೆ ವಾರವಾರವೂ ಅವರಿಗೆ ತಕ್ಕ ಸಲಹೆ ಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್ ಕೊಟ್ಟರು. 2021ರಲ್ಲಿ ಬಂದ ಫಲಿತಾಂಶ: ಮೂರು ತಿಂಗಳಿಗೆ 24 ಅಂಕಗಳ ಅದೇ ಅಳತೆಯಲ್ಲಿ ಅಂತರ ಬರೀ 0.79. ಪ್ರಯೋಜನ ಇತ್ತು, ಆದರೆ ಸಣ್ಣದು. ಅಮೆರಿಕದಲ್ಲಿ ನಿವೃತ್ತ ಸೈನಿಕರ ನಡುವೆ ನಡೆದ ಪ್ರಯೋಗದಲ್ಲಿ 229 ಮಂದಿ ಹಳೆಯ ಬೆನ್ನುನೋವಿನವರು ಸೇರಿದ್ದರು. ಒಂದು ಗುಂಪಿಗೆ ಹೆಜ್ಜೆ ಎಣಿಸುವ ಯಂತ್ರದ ಜೊತೆ ಇಂಟರ್‌ನೆಟ್ ಮೂಲಕ ಉತ್ತೇಜನ ಸಿಕ್ಕಿತು. ಆರು ತಿಂಗಳಿಗೆ ಅವರು ಮುಂದಿದ್ದರು, ವರ್ಷ ತುಂಬುವಷ್ಟರಲ್ಲಿ ಆ ಅಂತರ ಕರಗಿತು. ಪ್ರಯೋಗಗಳು ಬೇರೆ ಬೇರೆ, ರೋಗಿಗಳೂ ಬೇರೆ; ಅಂಕಿಯನ್ನು ಅಂಕಿಗೆ ತಾಳೆ ಹಾಕುವುದು ಪೂರ್ತಿ ಸರಿಯಲ್ಲ. ಆದರೂ ಒಂದು ಕಡೆ 4.6, ಮೂರು ವರ್ಷದ ನಂತರವೂ ಬಹುಪಾಲು ಉಳಿದದ್ದು. ಇನ್ನೊಂದು ಕಡೆ 0.79. ಸರ್ಕಾರದ ಸೀಮಿತ ಹಣವನ್ನು ಮೊದಲು ಎಲ್ಲಿ ಹಾಕಬೇಕೆಂದು ಹೇಳಲು ಇಷ್ಟು ಸಾಕು.

ದೂರದ ಮಾತು ಸುಳ್ಳಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಈ ಐದೂ ತಾಲ್ಲೂಕುಗಳಿಗೆ ಹೊಸಪೇಟೆ ಜಿಲ್ಲಾ ಕೇಂದ್ರ. ಹರಪನಹಳ್ಳಿಯವರಿಗೆ ಈಗಲೂ ಅದಕ್ಕಿಂತ ದಾವಣಗೆರೆಯೇ ಹತ್ತಿರ. ಕೂಲಿ ಬಿಟ್ಟು, ಬಸ್ಸು ಹಿಡಿದು, ರಿಸ್ಟೋರ್‌ನಲ್ಲಿದ್ದಂತೆ ಏಳು ಬಾರಿ ಅಷ್ಟು ದೂರ ಹೋಗಿಬಾ ಎಂದರೆ ಯಾರಿಗೂ ಆಗದು. ಬಸ್ಸಿನ ಕುಲುಕಾಟಕ್ಕೆ ಮತ್ತಷ್ಟು ನೋವು. ಇದಕ್ಕೆ ಉತ್ತರ ಮನುಷ್ಯನನ್ನು ಕೈಬಿಡುವುದಲ್ಲ, ತಾಲ್ಲೂಕಿಗೆ ತರುವುದು. ಏಳು ಭೇಟಿಯಲ್ಲಿ ಎರಡು–ಮೂರು ಎದುರಾಬದುರು, ಉಳಿದದ್ದು ಫೋನಿನಲ್ಲಿ ಆಗಬಹುದು. ಇ-ಸಂಜೀವಿನಿ ಎಂಬ ದೂರಸಮಾಲೋಚನೆಯ ವ್ಯವಸ್ಥೆ ಸರ್ಕಾರದ ಕೈಯಲ್ಲಿ ಈಗಾಗಲೇ ಇದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಊರೂರಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಅವರ ಮೇಲೆ ಆಗಲೇ ಹೇರಿರುವ ಹೊರೆ ಗೊತ್ತಿದ್ದೂ ಇನ್ನೊಂದು ಕೆಲಸವನ್ನು ಬಿಟ್ಟಿ ಸೇರಿಸಬಾರದು, ಸೇರಿಸಿದರೆ ಅದಕ್ಕೆ ತಕ್ಕ ಗೌರವಧನ ಕೊಡಬೇಕು. ಹೆಜ್ಜೆ ಎಣಿಸುವ ಯಂತ್ರ ಈ ಸರಪಳಿಯಲ್ಲಿ ಹೊಂದಿಕೊಳ್ಳುತ್ತದೆ: ಆಸ್ಪತ್ರೆಯಿಂದ ಮೂರು ತಿಂಗಳಿಗೆ ಎರವಲು ಪಡೆದು, ವಾರದ ಲೆಕ್ಕವನ್ನು ಫೋನಿನಲ್ಲಿ ಹೇಳಿ, ಮುಂದಿನ ವಾರದ ಗುರಿ ಕೇಳಿ, ಚೇತರಿಸಿದ ಮೇಲೆ ಇನ್ನೊಬ್ಬರಿಗೆ ದಾಟಿಸುವುದು. ಆ್ಯಪ್ ಬಳಸುವುದಾದರೆ ಮಾತು ಕನ್ನಡದಲ್ಲಿರಲಿ, ಓದಲು ಬಾರದವರಿಗೆ ದನಿಯಲ್ಲಿ ಕೇಳಿಸಲಿ, ರೋಗಿಯ ಮಾಹಿತಿ ಆಸ್ಪತ್ರೆಯಿಂದಾಚೆ ಹೋಗದಿರಲಿ.

ಸ್ವಂತ ಹಣದಲ್ಲಿ ವಾಚು ಕೊಳ್ಳುವವರಿಗೆ ಯಾರೂ ಬೇಡ ಎನ್ನಬೇಕಿಲ್ಲ. ಆದರೆ ನಡುನೋವು ಹೋಗುತ್ತದೆ ಎಂಬ ಜಾಹೀರಾತಿನ ಮಾತಿಗೆ ಮರುಳಾಗಿ ಸಾಲ ಮಾಡಿ ಕೊಳ್ಳಬೇಡಿ. ಮನೆಯಿಂದ ಕೆರೆಯ ಏರಿಗೆ ಹೋಗಿಬರುವುದು, ಅದನ್ನು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಮಾಡುವುದು, ವಾರಕ್ಕೊಮ್ಮೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇವೂ ಎಣಿಕೆಯೇ. ಆದರೆ ಜನರ ದುಡ್ಡಿನಿಂದ ಆಗಬೇಕಾದ ಕೆಲಸ ಬೇರೆ. ಈ ಐದೂ ತಾಲ್ಲೂಕುಗಳು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲಿವೆ, ಸಂವಿಧಾನದ 371(ಜೆ) ವಿಧಿಯ ಅಡಿ ಬರುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರದ ಆರೂ ದಿನ ಸಿಗುವ, ಹಳೆಯ ಬೆನ್ನುನೋವಿಗೆ 'ಕಾಗ್ನಿಟಿವ್ ಫಂಕ್ಷನಲ್ ಥೆರಪಿ'ಯ ತರಬೇತಿ ಪಡೆದ ಒಬ್ಬೊಬ್ಬ ಫಿಸಿಯೊಥೆರಪಿಸ್ಟ್ ಇರುವಂತೆ ಮಂಡಳಿ ಮತ್ತು ಆರೋಗ್ಯ ಇಲಾಖೆ ಮುಂದಿನ ಬಜೆಟ್‌ನಲ್ಲೇ ಹಣ ಇಡಲಿ. ಹೆಜ್ಜೆ ಎಣಿಸುವ ಯಂತ್ರಗಳನ್ನು ಆ ಫಿಸಿಯೊಥೆರಪಿಸ್ಟ್‌ಗಳು ಕೇಳಿದ ಮೇಲೆ ಕೊಳ್ಳೋಣ.